ನಿಮ್ಮ ರಾಜಕೀಯ ನಿಲುವು ಎಲ್ಲಿಂದ ಬಂತು? (ಸರಿ-ತಪ್ಪು ಬೇಡ, ಹುಟ್ಟಿದ ಕಥೆ ಬೇಕು)

ಹಳೇಡೈರಿ

ಪಕ್ಷದ ಹೆಸರು, ನಾಯಕರ ಹೆಸರು ಎತ್ತಬೇಡಿ ಅಂತ ಮೊದಲೇ ಕೈ ಮುಗಿದು ಕೇಳ್ಕೊಳ್ತೀನಿ. ಎತ್ತಿದರೆ ನಾಲ್ಕನೇ ಕಾಮೆಂಟಿಗೆ ಜಗಳ ಶುರು, ಆಮೇಲೆ ಕೇಳಿದ ಪ್ರಶ್ನೆ ಯಾರಿಗೂ ನೆನಪಿರಲ್ಲ. ನಿಮ್ಮ ನಿಲುವು ಏನು ಅನ್ನೋದು ನನಗೆ ಬೇಡ. ಅದು ನಿಮಗೆ ಯಾವಾಗ, ಯಾರಿಂದ, ಹೇಗೆ ಅಂಟಿಕೊಳ್ತು ಅನ್ನೋದು ಬೇಕು.

ಯಾಕೆ ಕೇಳ್ತಿದ್ದೀನಿ ಅಂದ್ರೆ, ನನ್ನ ಕಥೆ ಸುಳ್ಳು ಅಂತ ಹೋದ ತಿಂಗಳು ಗೊತ್ತಾಯ್ತು.

ಇಪ್ಪತ್ತೆರಡು ವರ್ಷದಿಂದ ಎಲ್ಲರಿಗೂ ಹೇಳ್ಕೊಂಡು ಬಂದಿರೋದು ಇಷ್ಟು: ಡಿಗ್ರಿ ಎರಡನೇ ವರ್ಷ, ಒಂದು ದಪ್ಪ ಪುಸ್ತಕ, ಒಂದೇ ರಾತ್ರಿ; ಬೆಳಗ್ಗೆ ಏಳೋ ಹೊತ್ತಿಗೆ ಅಪ್ಪನ ರಾಜಕೀಯ ನನ್ನಿಂದ ಕಳಚಿ ಬಿದ್ದಿತ್ತು. ಹೆಂಡತಿಗೆ ಹೇಳಿದ್ದೀನಿ, ಆಫೀಸಲ್ಲಿ ಹೇಳಿದ್ದೀನಿ, ಒಂದ್ಸಲ ಮೈಕ್ ಹಿಡ್ಕೊಂಡೂ ಹೇಳಿದ್ದೀನಿ. ಮನೆ ಖಾಲಿ ಮಾಡುವಾಗ ಆ ವರ್ಷದ ಡೈರಿ ಸಿಕ್ತು. ಪುಸ್ತಕದ ಬಗ್ಗೆ ಅದರಲ್ಲಿರೋದು ಒಂದೇ ಸಾಲು: "ಹದಿನೇಳನೇ ಪುಟಕ್ಕೆ ನಿದ್ದೆ ಬಂತು, ನಾಳೆ ನೋಡೋಣ." ಆ ನಾಳೆ ಡೈರಿಯಲ್ಲಿ ಬರಲೇ ಇಲ್ಲ.

ಇರೋದು ಬೇರೆ. ಆಗಸ್ಟಿನಲ್ಲಿ ಒಂದು ದಿನ: "ರೂಮಿನವರೆಲ್ಲ ಸಭೆಗೆ ಹೊರಟರು. ಒಬ್ಬನೇ ಕೂತು ಏನು ಮಾಡೋದು, ನಾನೂ ಹೋದೆ. ಅವರು ಹೇಳೋದು ಪೂರ್ತಿ ಅರ್ಥ ಆಗಲಿಲ್ಲ." ಅಲ್ಲಿಂದ ಆರು ಪುಟ ಮುಂದೆ: "ನಾವು ಹೇಳೋದನ್ನ ಆಡಳಿತದವರು ಕಿವಿಗೇ ಹಾಕ್ಕೊಳ್ತಿಲ್ಲ." 'ಅವರು' ಹೋಗಿ 'ನಾವು' ಬಂದಿದೆ. ನಡುವಿನ ಆ ಆರು ಪುಟ ಮೂರು ಸಲ ಓದಿದೆ. ಒಂದು ವಾದ ಇಲ್ಲ, ಒಂದು ಅನುಮಾನ ಇಲ್ಲ. ಕ್ರಿಕೆಟ್ಟು, ಜ್ವರ, ಯಾರೋ ಸಾಲ ವಾಪಸ್ ಕೊಡದಿದ್ದು. ಅಷ್ಟೇ.

ನಿಮ್ಮದು ಹೇಳಿ.

ರೈಲುಗಾಡಿ

ನಂದು "ಚ್".

ಅಪ್ಪ ಬೆಳಗ್ಗೆ ರೇಡಿಯೋದಲ್ಲಿ ವಾರ್ತೆ ಹಾಕ್ಕೊಂಡು ಶೇವ್ ಮಾಡ್ಕೊಳ್ತಿದ್ರು. ಒಂದು ಹೆಸರು ಬಂದ ತಕ್ಷಣ ಬ್ಲೇಡನ್ನ ಕೆನ್ನೆಯಿಂದ ಎತ್ತಿ "ಚ್" ಅಂತಿದ್ರು. ಬೈತಿರಲಿಲ್ಲ, ಬೇರೆ ಒಂದು ಮಾತೂ ಆಡ್ತಿರಲಿಲ್ಲ. ಪಕ್ಷ ಅಂದ್ರೆ ಏನು ಅಂತ ಗೊತ್ತಾಗೋ ಎಷ್ಟೋ ಮುಂಚೆ ನನಗೆ ಆ ಚ್ ಗೊತ್ತಿತ್ತು. ಮೊದಲ ಸಲ ಓಟು ಹಾಕುವಾಗ ಬಟನ್ ಒತ್ತಿದ್ದು ನಾನು, ಒಳಗಿದ್ದಿದ್ದು ಚ್.

ಈಗ ನನ್ನ ಮಗಳಿಗೆ ಒಂಬತ್ತು ವರ್ಷ. ಅದೇ ಪಕ್ಷದವರು ಟಿವಿಯಲ್ಲಿ ಬಂದ್ರೆ ಚ್ ಅಂತಾಳೆ. ನಾನು ಕಲಿಸಿಲ್ಲ ಅಂತ ಪ್ರಮಾಣ ಮಾಡ್ತಿದ್ದೆ, ನಮ್ಮೆಜಮಾನ್ರು ನಕ್ಕುಬಿಟ್ರು.

ಕೆಂಪುಪೆನ್ನು

ಕ್ಷಮಿಸಿ, ಎಲ್ಲರನ್ನೂ ಸಾರಾಸಗಟಾಗಿ ಕುರಿಮಂದೆಗೆ ಸೇರಿಸಬೇಡಿ. ನಾನು ಪ್ರಣಾಳಿಕೆ ಓದುತ್ತೇನೆ. ಎರಡೂ ಕಡೆಯ ಪತ್ರಿಕೆ ತರಿಸುತ್ತೇನೆ. ಬಜೆಟ್ ಬಂದ ದಿನ ಕೂತು ಲೆಕ್ಕ ಹಾಕುತ್ತೇನೆ. ನನ್ನ ನಿಲುವು ನನ್ನ ತಲೆಯಿಂದ ಬಂದದ್ದು.

ರೈಲುಗಾಡಿ

ಸರ್, ಇಷ್ಟೆಲ್ಲ ಓದಿ ಎಷ್ಟು ಸಲ ಪಕ್ಷ ಬದಲಾಯಿಸಿದ್ರಿ?

ಕೆಂಪುಪೆನ್ನು

ಬದಲಾಯಿಸುವ ಅಗತ್ಯ ಬಿದ್ದಿಲ್ಲ.

ರೈಲುಗಾಡಿ

ಸರಿ ಸರ್.

ಅಂಕಿಅಂಶ

ಹಳೇಡೈರಿ ಅವರಿಗೆ ಆದದ್ದು ಅಪರೂಪವಲ್ಲ. ಡೈರಿ ಬರೆದಿಟ್ಟಿದ್ದಾರಲ್ಲ, ಅದು ಅಪರೂಪ. ಉಳಿದವರಿಗೆ ಸಿಕ್ಕಿಬೀಳುವ ಭಯವೇ ಇಲ್ಲ.

1965ರಲ್ಲಿ ಅಮೆರಿಕದಲ್ಲಿ ಕೆಂಟ್ ಜೆನ್ನಿಂಗ್ಸ್ ಮತ್ತು ರಿಚರ್ಡ್ ನೀಮಿ ಹೈಸ್ಕೂಲಿನ ಕೊನೆಯ ವರ್ಷದ 1,669 ವಿದ್ಯಾರ್ಥಿಗಳನ್ನು ರಾಜಕೀಯದ ಬಗ್ಗೆ ಮಾತಾಡಿಸಿದರು. ಅವರ ಅಪ್ಪ ಅಮ್ಮಂದಿರನ್ನು ಬೇರೆಯಾಗಿ ಕೇಳಿದರು. ಅದೇ ವಿದ್ಯಾರ್ಥಿಗಳಲ್ಲಿ ಸಿಕ್ಕಷ್ಟು ಜನರನ್ನು 1973ರಲ್ಲಿ, 1982ರಲ್ಲಿ, 1997ರಲ್ಲಿ ಮತ್ತೆ ಹುಡುಕಿ ಕೇಳಲಾಯಿತು. ಹದಿನೆಂಟರಿಂದ ಐವತ್ತರವರೆಗೆ ಒಂದೇ ಜನರ ಜಾಡು ಹಿಡಿದ ಇಂಥ ಅಧ್ಯಯನ ಬೆರಳೆಣಿಕೆಯಷ್ಟು.

ಮೊದಲ ಸುತ್ತಿನಲ್ಲೇ ಒಂದು ವಿಷಯ ಸಿಕ್ಕಿತು. ಯಾವ ಪಕ್ಷ ಎನ್ನುವ ಒಲವು ಮನೆಯಿಂದ ಚೆನ್ನಾಗಿಯೇ ಇಳಿದು ಬಂದಿತ್ತು. ಆದರೆ ಒಂದೊಂದು ಪ್ರಶ್ನೆಯ ಮೇಲಿನ ಅಭಿಪ್ರಾಯ ಅಷ್ಟಾಗಿ ಇಳಿದಿರಲಿಲ್ಲ. ರೈಲುಗಾಡಿ ಮೇಡಂ ಭಾಷೆಯಲ್ಲಿ ಹೇಳುವುದಾದರೆ ಚ್ ಇಳಿದಿತ್ತು, ಕಾರಣ ಇಳಿದಿರಲಿಲ್ಲ.

ಡೈರಿಗೆ ಸಂಬಂಧಪಟ್ಟದ್ದು ಇನ್ನೊಂದು. 1982ರಲ್ಲಿ ಅವರಿಗೆ "1973ರಲ್ಲಿ ಇದೇ ಪ್ರಶ್ನೆಗೆ ಏನು ಉತ್ತರ ಕೊಟ್ಟಿದ್ದಿರಿ?" ಎಂದೂ ಕೇಳಿದ್ದರು. ಹಳೆಯ ಉತ್ತರ ಕಡತದಲ್ಲಿ ಇತ್ತಲ್ಲ, ಗ್ರೆಗರಿ ಮಾರ್ಕಸ್ ಎನ್ನುವವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ 1986ರಲ್ಲಿ ಪ್ರಕಟಿಸಿದರು. ಜನ ನೆನಪಿಸಿಕೊಂಡ ಹಳೆಯ ನಿಲುವು, ಅವರು ನಿಜವಾಗಿ ಹೇಳಿದ್ದ ಹಳೆಯ ನಿಲುವಿಗಿಂತ ಅವರ ಈಗಿನ ನಿಲುವಿಗೇ ಹತ್ತಿರ ಇತ್ತು. ಬದಲಾದ ಎಷ್ಟೋ ಜನರಿಗೆ ತಾವು ಬದಲಾಗಿದ್ದೇ ಗೊತ್ತಿರಲಿಲ್ಲ.

ಹಳೇಡೈರಿ

ನಂದು ಉಲ್ಟಾ ಅಲ್ವಾ? ನಾನು ಬದಲಾಗಿದ್ದು ಗೊತ್ತಿತ್ತು, ಕಾರಣ ಮಾತ್ರ ಕಟ್ಟಿದ್ದು.

ಅಂಕಿಅಂಶ

ಹೌದು, ಆ ವ್ಯತ್ಯಾಸ ಒಪ್ಪುತ್ತೇನೆ. ಕಾರಣ ಕಟ್ಟುವ ಕೆಲಸಕ್ಕೆ ಸ್ವೀಡನ್ನಿನ ಪ್ರಯೋಗ ಇದೆ. 2010ರ ಚುನಾವಣೆ ಹೊತ್ತಿನಲ್ಲಿ ಲಾರ್ಸ್ ಹಾಲ್, ಪೆಟ್ಟರ್ ಯೋಹಾನ್ಸನ್ ತಂಡ ದಾರಿಯಲ್ಲಿ ಹೋಗುವವರಿಗೆ ಪ್ರಶ್ನಾವಳಿ ಕೊಟ್ಟು ತುಂಬಿಸಿಕೊಂಡಿತು. ನಂತರ ಜಾದೂಗಾರರ ಕೈಚಳಕದಿಂದ ಕೆಲವು ಉತ್ತರಗಳನ್ನು ಎದುರು ಪಾಳಯದ ಉತ್ತರಕ್ಕೆ ಬದಲಾಯಿಸಿ, "ಇದನ್ನು ಯಾಕೆ ಹೀಗೆ ಬರೆದಿರಿ?" ಎಂದು ಕೇಳಿತು. ಬದಲಾಯಿಸಿದ ಉತ್ತರಗಳಲ್ಲಿ ಸಿಕ್ಕಿಬಿದ್ದದ್ದು ಶೇ. 22ರಷ್ಟು ಮಾತ್ರ. ಉಳಿದವಕ್ಕೆ ಜನ ತಾವು ಬರೆಯದೇ ಇದ್ದ ಉತ್ತರವನ್ನು ಚೆನ್ನಾಗಿಯೇ ಸಮರ್ಥಿಸಿದರು. ಕೊನೆಗೆ ಹೀಗೆ ತಿರುಚಿ ತೆಗೆದ, ಯಾವ ಪಾಳಯದ ಕಡೆ ಎಂದು ತೋರಿಸುವ ಒಟ್ಟು ಅಂಕವನ್ನು ಶೇ. 92 ಜನ ತಮ್ಮದೇ ಎಂದು ಒಪ್ಪಿದರು.

ಕೆಂಪುಪೆನ್ನು

ಇದರಿಂದ ಸಾಬೀತಾಗುವುದು ಜನ ದಾರಿಯಲ್ಲಿ ಅವಸರದಲ್ಲಿ ಇರುತ್ತಾರೆ ಎಂದಷ್ಟೇ.

ನಿರ್ವಾಹಕ

ಎರಡು ಕಾಮೆಂಟ್ ತೆಗೆದಿದ್ದೇನೆ. ಹೆಸರು ಎತ್ತಬೇಡಿ ಅಂತ ಮೊದಲ ಸಾಲಲ್ಲೇ ಇದೆ.

ಮೂರನೇಬೆಂಚು

ನಾನು ಬರೆಯೋದು ಕಮ್ಮಿ. ಆದ್ರೂ ಹೇಳ್ತೀನಿ.

ಹನ್ನೊಂದು ವರ್ಷ ಒಂದು ಕಾರ್ಖಾನೇಲಿ ಇದ್ದೆ. ಧರಣಿ, ಮೆರವಣಿಗೆ ಅಂದ್ರೆ ಕೆಲಸ ಇಲ್ಲದೋರು ಮಾಡೋದು ಅಂತ ನಂಬಿದ್ದೆ. ಒಂದಿನ ಶಿಫ್ಟ್ ಮುಗಿಸಿ ಬರೋವಾಗ ಗೇಟಲ್ಲೇ ನಿಲ್ಲಿಸಿ ಲೆಟರ್ ಕೊಟ್ರು. ಕಾರ್ಡ್ ಇಲ್ಲಿ ಬಿಚ್ಚಿ ಕೊಡಿ ಅಂದ್ರು. ಬಿಚ್ಚಿ ಕೊಟ್ಟೆ. ಅದು ದಿನಾ ನೇತಾಡ್ತಿದ್ದ ಜಾಗದಲ್ಲಿ ಶರ್ಟು ಒಂದು ಚೌಕದಷ್ಟು ಮಾಸದೆ ಹಾಗೇ ಉಳಿದಿತ್ತು. ಬಸ್ಸಲ್ಲಿ ಪೂರ್ತಿ ಅದನ್ನ ಕೈಯಲ್ಲಿ ಮುಚ್ಕೊಂಡು ಕೂತಿದ್ದೆ.

ಅವತ್ತು ನಾನು ಬದಲಾದೆ ಅಂತ ನೀವು ಅಂದ್ಕೊಂಡಿರ್ತೀರ. ನಾನೂ ಹಂಗೇ ಹೇಳ್ತಿದ್ದೆ. ಆದ್ರೆ ನನ್ನ ಪಕ್ಕದ ಮಿಷಿನ್ನಿನವನೊಬ್ಬ ಇದ್ದ. ಅದೇ ಗೇಟು, ಅದೇ ದಿನ, ಅದೇ ಲೆಟರು. ಅವನು ಪೂರ್ತಿ ಎದುರು ದಿಕ್ಕಿಗೆ ಹೋದ. ಹೊರಗಿಂದ ಬಂದೋರು ನಮ್ಮ ಕೆಲಸ ತಿಂದ್ರು ಅಂತ ಇವತ್ತಿಗೂ ಹೇಳ್ತಾನೆ, ಆ ಮೆಸೇಜು ಈ ಮೆಸೇಜು ಕಳಿಸ್ತಾನೆ. ನಾನು ಯೂನಿಯನ್ನು. ಇಬ್ಬರಿಗೂ ಆದದ್ದು ಒಂದೇ. ಬೇರೆ ಏನಿತ್ತು ಅಂತ ತುಂಬಾ ದಿನ ಯೋಚಿಸಿದೀನಿ. ಆ ವಾರ ನನ್ನ ಮನೆಗೆ ಮೊದಲು ಬಂದು ಕೂತು ಮಾತಾಡಿದ್ದು ಯೂನಿಯನ್ನಿನ ಒಬ್ಬ ಹಿರಿಯ. ಅವನ ಮನೆಗೆ ಬಂದದ್ದು ಬೇರೆ ಯಾರೋ.

ಆ ಹಿರಿಯರು ಅಡ್ರೆಸ್ ತಪ್ಪಿ ಅವನ ಮನೆಗೆ ಹೋಗಿದ್ರೆ? ಗೊತ್ತಿಲ್ಲ ಗುರುಗಳೇ.

ನಿಧಾನಿ

ಮೂರನೇಬೆಂಚು, ನಿಮ್ಮ ಶರ್ಟಿನ ಚೌಕ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಅಂಕಿಅಂಶ

ಮೂರನೇಬೆಂಚು ಅವರು ಹೇಳಿದ್ದಕ್ಕೆ ಹತ್ತಿರದ್ದೊಂದು ಇದೆ, ಅದೂ 1965ರ ಅದೇ ವಿದ್ಯಾರ್ಥಿಗಳ ಕಥೆ.

1969ರ ಡಿಸೆಂಬರ್ 1ರಂದು ವಿಯೆಟ್ನಾಂ ಯುದ್ಧಕ್ಕೆ ಯಾರನ್ನು ಮೊದಲು ಕರೆಯಬೇಕು ಎಂದು ಅಮೆರಿಕ ಲಾಟರಿ ಎತ್ತಿತು. ಗಾಜಿನ ಪಾತ್ರೆ, ಒಳಗೆ 366 ಪ್ಲಾಸ್ಟಿಕ್ ಗುಳಿಗೆ, ಪ್ರತಿ ಗುಳಿಗೆಯಲ್ಲಿ ವರ್ಷದ ಒಂದು ತಾರೀಕು. ಟಿವಿಯಲ್ಲಿ ನೇರ ಪ್ರಸಾರ. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರಿಗೆಲ್ಲ ನಂಬರ್ ಒಂದು. ನಂತರ ಕರೆ ಹೋದದ್ದು ನಂಬರ್ 195ರವರೆಗೆ, ಅದರಾಚೆಯವರು ಬಚಾವ್. ಹುಟ್ಟಿದ ತಾರೀಕಿಗೂ ರಾಜಕೀಯಕ್ಕೂ ಏನು ಸಂಬಂಧ? ಏನೂ ಇಲ್ಲ. ಅದಕ್ಕೇ ಇದು ಅಷ್ಟು ಒಳ್ಳೆಯ ಪ್ರಯೋಗ.

ರಾಬರ್ಟ್ ಎರಿಕ್ಸನ್ ಮತ್ತು ಲಾರಾ ಸ್ಟೋಕರ್ 2011ರಲ್ಲಿ ಆ ವಿದ್ಯಾರ್ಥಿಗಳಲ್ಲಿ ಕಾಲೇಜಿಗೆ ಹೊರಟಿದ್ದ ಹುಡುಗರ ಲಾಟರಿ ನಂಬರನ್ನೂ ಅವರ ನಿಲುವನ್ನೂ ಹೋಲಿಸಿ ನೋಡಿದರು. ನಂಬರ್ ಚಿಕ್ಕದಿದ್ದಷ್ಟೂ ಯುದ್ಧವಿರೋಧ ಹೆಚ್ಚು. ಅಷ್ಟಾಗಿದ್ದರೆ ಆಶ್ಚರ್ಯ ಇರಲಿಲ್ಲ. ಯುದ್ಧಕ್ಕೆ ಸಂಬಂಧವೇ ಇಲ್ಲದ ವಿಷಯಗಳಲ್ಲೂ ಅವರು ಉದಾರವಾದಿಗಳ ಕಡೆ ವಾಲಿದ್ದರು, ಮತ್ತು ಅದರ ಗುರುತು 1997ರಲ್ಲೂ ಅಳಿಸಿರಲಿಲ್ಲ. ಎಷ್ಟೋ ಹುಡುಗರು ಯುದ್ಧಕ್ಕೆ ಹೋಗಲೇ ಇಲ್ಲ, ಹೋಗಬೇಕಾಗಬಹುದು ಎಂಬ ಭಯವೇ ಸಾಕಾಗಿತ್ತು. ಅವರಲ್ಲಿ ಯಾರನ್ನಾದರೂ ಕೇಳಿ, "ನನ್ನ ನಿಲುವು ಗುಳಿಗೆಯಿಂದ ಬಂತು" ಎಂದು ಒಬ್ಬರೂ ಹೇಳಲಾರರು.

ಕೆಂಪುಪೆನ್ನು

ಈಗ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಎಲ್ಲರೂ ಖುಷಿಯಿಂದ ಒಂದು ಹಳ್ಳಕ್ಕೆ ಬೀಳುತ್ತಿದ್ದೀರಿ.

ನನಗೆ ಮಗ್ಗಿ ಬಂದದ್ದು ಮೇಷ್ಟ್ರ ಕೋಲಿನಿಂದ. ತಾರ್ಕಿಕವಾಗಿ ಯೋಚಿಸಿ ಏಳೆಂಟ್ಲೆ ಐವತ್ತಾರು ಎಂಬ ತೀರ್ಮಾನಕ್ಕೆ ನಾನು ಬರಲಿಲ್ಲ. ಬೆನ್ನು ಉರಿಯಿತು, ಕಲಿತೆ. ಹಾಗಂತ ಐವತ್ತಾರು ಸುಳ್ಳಾಯಿತೇ? ನಂಬಿಕೆ ಯಾವ ಬಾಗಿಲಿಂದ ಬಂತು ಎನ್ನುವುದು ಒಂದು ಪ್ರಶ್ನೆ, ಅದು ಸರಿಯೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದ ತಕ್ಷಣ ಎರಡನೆಯದು ಮುಗಿಯಿತು ಎಂದುಕೊಂಡರೆ, ಯಾರ ಮಾತಿಗೂ ಬೆಲೆ ಇಲ್ಲ. ಯುದ್ಧಕ್ಕೆ ಹೆದರಿದ ಹುಡುಗನಿಗೆ ಯುದ್ಧದ ಬಗ್ಗೆ ಏನೋ ನಿಜ ಕಂಡಿರಬಹುದು; ನಂಬರ್ 300 ಬಂದವನಿಗೆ ಅದನ್ನು ನೋಡುವ ಅಗತ್ಯವೇ ಬೀಳಲಿಲ್ಲ. ಮೂರನೇಬೆಂಚು ಅವರ ಮನೆಗೆ ಬಂದ ಹಿರಿಯರು ಹೇಳಿದ್ದು ಸರಿಯೇ ಇದ್ದಿರಬಹುದು, ಇನ್ನೊಬ್ಬನ ಮನೆಗೆ ಹೋದವರು ಹೇಳಿದ್ದು ತಪ್ಪೇ ಇದ್ದಿರಬಹುದು. ಅದನ್ನು ಪರೀಕ್ಷಿಸಲು ಬರುತ್ತದೆ. ನಾನು ಮಾಡುವುದು ಅದನ್ನೇ.

ರೈಲುಗಾಡಿ

ಇದು ಚೆನ್ನಾಗಿದೆ ಸರ್, ನಿಜವಾಗ್ಲೂ. ಒಂದೇ ಡೌಟು. ಮಗ್ಗೀನ ಯಾರು ಬೇಕಾದ್ರೂ ಬೆರಳು ಎಣಿಸಿ ನೋಡಬಹುದು. ತೆರಿಗೆ ಎಷ್ಟಿರಬೇಕು ಅಂತ ಯಾವ ಬೆರಳಲ್ಲಿ ಎಣಿಸೋದು?

ಕೆಂಪುಪೆನ್ನು

ಕಷ್ಟ ಎಂದು ಒಪ್ಪುತ್ತೇನೆ. ಆಗುವುದಿಲ್ಲ ಎಂದಲ್ಲ.

ನಿಧಾನಿ

ಎಲ್ಲರೂ ನಂಬಿಕೆ ಬಂದ ಬಗ್ಗೆ ಬರೆದಿರಿ. ನನ್ನದು ಹೋದ ಬಗ್ಗೆ.

ಮದುವೆಯಾಗಿ ಹೋದ ಮನೆಯಲ್ಲಿ ಎಲ್ಲರದೂ ಒಂದೇ ಪಕ್ಷ, ನನ್ನ ತವರಿನದಕ್ಕೆ ತದ್ವಿರುದ್ಧ. ಯಾರೂ ಒತ್ತಾಯ ಮಾಡಲಿಲ್ಲ, ಒಳ್ಳೆಯ ಜನ. ಊಟದ ಹೊತ್ತಿನಲ್ಲಿ ರಾಜಕೀಯ ಬರುತ್ತಿತ್ತು, ನಾನು ನೀರು ತರಲು ಏಳುತ್ತಿದ್ದೆ. ಮೊದಲ ವರ್ಷ ಏಳುವಾಗ ಒಳಗೊಳಗೇ ಉತ್ತರ ಕೊಡುತ್ತಿದ್ದೆ, ಅದೂ ಖಾರವಾಗಿಯೇ. ಆಮೇಲಾಮೇಲೆ ಉತ್ತರ ಚಿಕ್ಕದಾಯಿತು. ಏಳೆಂಟು ವರ್ಷದ ನಂತರ ಒಂದು ದಿನ ನೀರು ತರಲು ಎದ್ದೆ, ಒಳಗೆ ಏನೂ ಇರಲಿಲ್ಲ. ಅವರು ಹೇಳುತ್ತಿರುವುದು ಸರಿ ಎಂದೇ ಅನಿಸಿತು. ಯಾವ ಊಟಕ್ಕೂ ಯಾವ ಊಟಕ್ಕೂ ನಡುವೆ ಅದು ಆಯಿತೋ ಹೇಳಲಾರೆ. ಬಾಯಿ ಮುಚ್ಚಿದ್ದು ನಾನೇ, ಮನಸ್ಸು ಯಾವಾಗ ಮುಚ್ಚಿತೋ ಗೊತ್ತಾಗಲಿಲ್ಲ.

ಮತಗಟ್ಟೆಯ ಪರದೆ ಹಿಂದೆ ಮಾತ್ರ ಕೆಲವು ವರ್ಷ ತವರಿನ ಗುರುತಿಗೇ ಹಾಕಿದೆ. ಅದು ನಂಬಿಕೆಯೋ ನೆನಪೋ ಈಗಲೂ ತಿಳಿಯದು.

ಅಂಕಿಅಂಶ

ನಿಧಾನಿ ಮೇಡಂ, ಥಿಯೊಡರ್ ನ್ಯೂಕೋಂಬ್ 1930ರ ದಶಕದಲ್ಲಿ ಅಮೆರಿಕದ ಬೆನಿಂಗ್ಟನ್ ಎಂಬ ಹೊಸ ಮಹಿಳಾ ಕಾಲೇಜಿನಲ್ಲಿ ಇದನ್ನೇ ನೋಡಿದರು. ಸಂಪ್ರದಾಯಸ್ಥ ಶ್ರೀಮಂತ ಮನೆಗಳ ಹುಡುಗಿಯರು, ಪಾಠ ಹೇಳುವವರೋ ಹೆಚ್ಚಿನಂಶ ಎಡಕ್ಕೆ ವಾಲಿದವರು. 1936ರ ಅಧ್ಯಕ್ಷ ಚುನಾವಣೆಯಲ್ಲಿ ನಿಮ್ಮ ಆಯ್ಕೆ ಯಾರು ಎಂದು ಕೇಳಿದಾಗ ಮೊದಲ ವರ್ಷದವರಲ್ಲಿ ಶೇ. 62 ಜನ ಅಪ್ಪಂದಿರಂತೆ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಕಡೆ. ಕೊನೆಯ ಎರಡು ವರ್ಷದವರಲ್ಲಿ ಶೇ. 15ರ ಆಸುಪಾಸು. ಗೆಳತಿಯರ ನಡುವೆ ಬೆರೆಯಬೇಕು ಎಂದಿದ್ದವರು ಬದಲಾದರು, ಮನೆಗೇ ಅಂಟಿಕೊಂಡವರು ಬದಲಾಗಲಿಲ್ಲ. 1960ರ ಸುಮಾರಿಗೆ ಮತ್ತೆ ಹೋಗಿ ನೋಡಿದರೆ, ಬದಲಾದ ಹೆಚ್ಚಿನವರು ಬದಲಾದ ಹಾಗೇ ಇದ್ದರು. ಯಾಕೆ ಉಳಿಯಿತು ಎಂಬುದಕ್ಕೆ ನ್ಯೂಕೋಂಬ್ ಕೊಟ್ಟ ಕಾರಣ: ಅವರು ಕಟ್ಟಿಕೊಂಡ ಗಂಡಂದಿರು, ಗೆಳತಿಯರು ಅದೇ ಒಲವಿನವರು.

ನಿಧಾನಿ

ಅವರಿಗೆ ಗಂಡನನ್ನು ಆರಿಸಿಕೊಳ್ಳುವ ಅವಕಾಶ ಇತ್ತು.

ಅಳಿಲು

ನಮಸ್ತೆ, ನಾನು ಮುಂದಿನ ಸಲ ಮೊದಲನೇ ಓಟು ಹಾಕೋದು. ಎಲ್ಲರದೂ ಅಪ್ಪ, ರೂಮು, ಗೇಟು, ಊಟ. ನನಗೆ ಇದು ಯಾವುದೂ ಇಲ್ಲ. ನಮ್ಮನೇಲಿ ರಾಜಕೀಯ ಮಾತೇ ಆಡಲ್ಲ. ನನಗೆ ಗೊತ್ತಿರೋದೆಲ್ಲ ಫೋನಿಂದ. ಒಂದು ವಿಡಿಯೋ ಪೂರ್ತಿ ನೋಡಿದೆ, ಅದು ನನಗೆ ಇಷ್ಟ ಆಗಿದ್ದಕ್ಕಲ್ಲ, ಚಾರ್ಜರ್ ದೂರ ಇತ್ತು, ಏಳೋಕೆ ಬೇಜಾರು. ಆಮೇಲೆ ಅದೇ ಥರದ್ದು ಬರ್ತಾನೇ ಇದೆ. ಮೂರು ತಿಂಗಳಾದ ಮೇಲೆ ನಂಗೆ ಆ ಕಡೆಯವರ ಮೇಲೆ ನಿಜವಾಗ್ಲೂ ಸಿಟ್ಟು ಬರ್ತಿದೆ. ಎದುರು ಕಡೆಯವರನ್ನೂ ಫಾಲೋ ಮಾಡಿದ್ರೆ ಸರಿ ಹೋಗುತ್ತಾ?

ಅಂಕಿಅಂಶ

ಅದನ್ನೂ ಮಾಡಿ ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಕ್ರಿಸ್ಟೋಫರ್ ಬೇಲ್ ತಂಡ ಅಮೆರಿಕದ ಟ್ವಿಟರ್ ಬಳಕೆದಾರರಿಗೆ ದುಡ್ಡು ಕೊಟ್ಟು ಒಂದು ತಿಂಗಳು ಎದುರು ಪಾಳಯದ ಮಾತುಗಳನ್ನೇ ಮರುಹಂಚುವ ಖಾತೆಯೊಂದನ್ನು ಫಾಲೋ ಮಾಡಿಸಿತು. ಮೆದುವಾಗುತ್ತಾರೆ ಎಂದುಕೊಂಡರೆ ರಿಪಬ್ಲಿಕನ್ನರು ಇನ್ನಷ್ಟು ಬಿಗಿಯಾದರು. ಡೆಮಾಕ್ರಾಟರೂ ತಮ್ಮ ದಿಕ್ಕಿಗೇ ಸ್ವಲ್ಪ ಸರಿದರು, ಆದರೆ ಲೆಕ್ಕಕ್ಕೆ ಹಿಡಿಯುವಷ್ಟಲ್ಲ.

ಅಳಿಲು

ಹಾಗಾದ್ರೆ ಯಾರೂ ಯಾರನ್ನೂ ಬದಲಾಯಿಸೋಕೆ ಆಗಲ್ವಾ?

ಅಂಕಿಅಂಶ

ಆಗುತ್ತದೆ. ಆದರೆ ಆ ಕಥೆಯಲ್ಲಿ ಒಂದು ಕಳ್ಳನೂ ಇದ್ದಾನೆ.

2014ರ ಡಿಸೆಂಬರಿನಲ್ಲಿ ದೊಡ್ಡ ವಿಜ್ಞಾನ ಪತ್ರಿಕೆಯೊಂದರಲ್ಲಿ ಲೇಖನ ಬಂತು: ಮನೆ ಬಾಗಿಲಲ್ಲಿ ನಿಂತು ಇಪ್ಪತ್ತು ನಿಮಿಷ ಮಾತಾಡಿದರೆ ಸಲಿಂಗ ವಿವಾಹದ ಬಗ್ಗೆ ಜನರ ಮನಸ್ಸು ಬದಲಾಗಿ ಹಾಗೇ ಉಳಿಯುತ್ತದೆ ಎಂದು. ಎಲ್ಲರೂ ಕುಣಿದಾಡಿದರು. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಅದನ್ನೇ ಮುಂದುವರಿಸಲು ಹೊರಟರು, ಅಂಕಿಗಳು ತೀರಾ ಚೊಕ್ಕಟವಾಗಿ ಕಂಡವು, ಅನುಮಾನ ಬಂತು, ಕೆದಕಿದರು. ಸಮೀಕ್ಷೆಯ ಅಂಕಿಗಳನ್ನು ನಂಬುವ ಹಾಗೇ ಇರಲಿಲ್ಲ. 2015ರ ಮೇ ತಿಂಗಳಲ್ಲಿ ಲೇಖನ ವಾಪಸ್ ಪಡೆಯಲಾಯಿತು. ನನಗೆ ಇಷ್ಟವಾದದ್ದು ಮುಂದಿನದು. ಅವರಿಬ್ಬರೂ ಆ ಪ್ರಯೋಗವನ್ನು ಮಯಾಮಿಯಲ್ಲಿ ತಾವೇ ಪ್ರಾಮಾಣಿಕವಾಗಿ ಮಾಡಿದರು, ಈ ಸಲ ಲಿಂಗಪರಿವರ್ತಿತರ ಬಗ್ಗೆ. 2016ರಲ್ಲಿ ಪ್ರಕಟವಾಯಿತು. ಸುಮಾರು ಹತ್ತು ನಿಮಿಷದ ಮಾತು, ಪರಿಣಾಮ ಮೂರು ತಿಂಗಳಾದರೂ ಇತ್ತು. ಕಳ್ಳ ಹೇಳಿದ್ದೇ ಹೆಚ್ಚುಕಡಿಮೆ ನಿಜವಾಗಿತ್ತು!

ಅಲ್ಲಿ ಅಂಕಿಅಂಶ ಒಪ್ಪಿಸಲಿಲ್ಲ ಅನ್ನುವುದನ್ನು ಗಮನಿಸಿ (ನನ್ನ ಹೆಸರಿಗೆ ಅವಮಾನ). "ನಿಮ್ಮನ್ನು ಯಾರಾದರೂ ಬೇರೆ ಅಂತ ದೂರ ಇಟ್ಟಿದ್ದು ನೆನಪಿದೆಯಾ?" ಎಂದು ಕೇಳಿ, ಅವರು ಹೇಳುವುದನ್ನು ಕೇಳಿಸಿಕೊಂಡರು.

ಮೂರನೇಬೆಂಚು

ನಮ್ಮ ಮನೆಗೆ ಬಂದ ಹಿರಿಯರೂ ಅಷ್ಟೇ ಮಾಡಿದ್ದು. ಒಂದೂವರೆ ಗಂಟೆ ಕೂತಿದ್ರು. ಅದರಲ್ಲಿ ಅವರು ಮಾತಾಡಿದ್ದು ಹತ್ತು ನಿಮಿಷ ಇದ್ರೆ ಹೆಚ್ಚು.

ಅಂಕಿಅಂಶ

ಮಾತೇ ಇಲ್ಲದೆ ಬದಲಾದದ್ದೂ ಇದೆ. ಪಶ್ಚಿಮ ಬಂಗಾಳದ ಪಂಚಾಯಿತಿಗಳಲ್ಲಿ ಆಗ ಮೂರನೇ ಒಂದು ಭಾಗದ ಪ್ರಧಾನ (ಪಂಚಾಯಿತಿ ಅಧ್ಯಕ್ಷ) ಹುದ್ದೆ ಸರದಿಯ ಮೇಲೆ ಮಹಿಳೆಯರಿಗೆ ಮೀಸಲಾಗಿತ್ತು, ಯಾವ ಹಳ್ಳಿ ಎನ್ನುವುದು ಲಾಟರಿಯಂತೆ. ಲೋರಿ ಬೀಮನ್, ಎಸ್ತರ್ ದುಫ್ಲೊ ಮತ್ತಿತರರು ಒಂದೇ ಭಾಷಣವನ್ನು ಗಂಡಸಿನ ದನಿಯಲ್ಲೂ ಹೆಂಗಸಿನ ದನಿಯಲ್ಲೂ ಕೇಳಿಸಿ ಅಂಕ ಕೊಡಿಸಿದರು, 2009ರಲ್ಲಿ ಪ್ರಕಟವಾಯಿತು. ಮಹಿಳಾ ಪ್ರಧಾನರನ್ನೇ ಕಾಣದ ಹಳ್ಳಿಗಳಲ್ಲಿ ಗಂಡಸರು ಹೆಂಗಸಿನ ದನಿಗೆ ಕಡಿಮೆ ಕೊಟ್ಟರು. ಕಂಡಿದ್ದ ಹಳ್ಳಿಗಳಲ್ಲಿ ಆ ತಾರತಮ್ಯ ಹೋಗಿತ್ತು. ಆದರೆ "ನಾಯಕ ಯಾರಾದರೆ ಇಷ್ಟ?" ಎಂದು ಕೇಳಿದರೆ ಅಲ್ಲೂ ಗಂಡಸೇ.

ನಿಧಾನಿ

ನಂಬುತ್ತೇನೆ. ಕಿವಿ ಮೊದಲು ಬದಲಾಗುತ್ತದೆ, ಬಾಯಿಗೆ ಸಮಯ ಬೇಕು. ನನ್ನದು ಅದರ ತಿರುಗುಮುರುಗು ಆಯಿತು.

ಕೆಂಪುಪೆನ್ನು

ಇಷ್ಟು ದಿನ ಓದಿದೆ. ಒಂದು ತಿದ್ದುಪಡಿ: ಎರಡೂ ಕಡೆಯ ಪತ್ರಿಕೆ ತರಿಸುತ್ತೇನೆ ಎಂದಿದ್ದೆ. ನೆನ್ನೆ ರದ್ದಿಗೆ ಹಾಕುವಾಗ ನೋಡಿದೆ. ಒಂದರ ಮಡಿಕೆಯೇ ಬಿಚ್ಚಿಲ್ಲ, ಆರು ವಾರದ್ದು. ವಾದ ಮಾತ್ರ ಹಾಗೇ ಇದೆ.

ಅಂಕಿಅಂಶ

ರೈಲುಗಾಡಿ ಮೇಡಂ, ನಿಮ್ಮ ಚ್ ಬಗ್ಗೆ ಒಂದು ಬಾಕಿ ಇತ್ತು. 2015ರಲ್ಲಿ ಕ್ರಿಸ್ಟೋಫರ್ ಒಹೆಡಾ ಮತ್ತು ಪೀಟರ್ ಹಟೇಮಿ ತೋರಿಸಿದ್ದು: ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಪ್ಪ ಅಮ್ಮನ ಪಕ್ಷ ಯಾವುದು ಎಂದು ತಪ್ಪಾಗಿ ತಿಳಿದಿರುತ್ತಾರೆ, ಇಲ್ಲವೇ ತಿಳಿದೂ ಒಪ್ಪಿರುವುದಿಲ್ಲ. ನಿಮ್ಮ ತಂದೆಯವರನ್ನು ಯಾವತ್ತಾದರೂ ಕೇಳಿದ್ದೀರಾ?

ರೈಲುಗಾಡಿ

ಇವತ್ತು ಫೋನ್ ಮಾಡ್ದೆ.

"ಅಪ್ಪ, ನೀವು ಶೇವ್ ಮಾಡುವಾಗ ರೇಡಿಯೋ ಕೇಳ್ಕೊಂಡು ಚ್ ಅಂತಿದ್ರಲ್ಲ, ಯಾಕೆ?"

"ಯಾವ ಚ್?"

ನೆನಪೇ ಇಲ್ಲ. ಹೆಸರು ಹೇಳಿದೆ. "ಅವರಾ? ಪಾಪ, ಒಳ್ಳೇ ಮನುಷ್ಯ, ಎರಡು ಸಲ ಓಟು ಹಾಕಿದ್ದೀನಿ" ಅಂದ್ರು. ನಾನು ಫೋನ್ ಹಿಡ್ಕೊಂಡು ಹಾಗೇ ನಿಂತೆ. ಹಿಂದಿನಿಂದ ಅಮ್ಮನ ದನಿ: "ಅದು ಆ ಹೊತ್ತಿಗೆ ಸರಿಯಾಗಿ ಸ್ಟೇಷನ್ ಕರಕರ ಅಂತಿತ್ತಲ್ರೀ, ಅದಕ್ಕೆ." ಅಪ್ಪ: "ನಮ್ಮ ರೇಡಿಯೋ ಯಾವತ್ತೂ ಕರಕರ ಅಂದಿಲ್ಲ." ಆಮೇಲೆ ಇಬ್ಬರೂ ರೇಡಿಯೋ ಬಗ್ಗೆ ಜಗಳ ಶುರು ಮಾಡಿದ್ರು, ನಾನು ಫೋನ್ ಇಟ್ಟೆ.

ಮಗಳಿಗೆ ಇನ್ನೂ ಹೇಳಿಲ್ಲ.